ಎರಡು ಹಲಗೆ

ಮಧುಗಿರಿಯ ಎ.ಸಿ. ಆಫೀಸಿನಲ್ಲಿ ನಾನು ದಲಾಯತ, ಕದರಪ್ಪ.
ಇಪ್ಪತ್ತಾರು ವರ್ಷದಿಂದ ಮುಖ್ಯ ಕೆಲಸ
ಮೇಜಿನ ಮೇಲಿನ ಹಲಗೆ ಬದಲಿಸುವುದು.

ಹನ್ನೊಂದೂವರೆ ತನಕ 'ಉಪವಿಭಾಗಾಧಿಕಾರಿ'.
ರಸ್ತೆ, ಚುನಾವಣೆ, ಮಂತ್ರಿ ಬಂದರೆ ಹಾರ,
ಮಿಡಿಗೇಶಿ ಕಡೆ ಚಿರತೆ ಕಂಡರೆ ಅದೂ.
ಆಮೇಲೆ ಅದನ್ನೆತ್ತಿ ಬೀರುವಿನ ಮೇಲಿಟ್ಟು
'ನ್ಯಾಯಾಲಯ'ವನ್ನು ಒರೆಸಿ ಇಡುತ್ತೇನೆ.
ಕುರ್ಚಿ ಅದೇ. ಕುರ್ಚಿ ಬೆನ್ನಿನ ಬಿಳಿ ಟವೆಲ್ಲೂ ಅದೇ.
ಅರ್ಧ ಕುಡಿದ ಟೀ ಮಾತ್ರ ಒಳಗೆ ಒಯ್ಯಬೇಕು,
ಕೋರ್ಟಿಗೆ ಬಾಯಾರುವುದಿಲ್ಲ.

ಬಾಗಿಲಿಗೆ ಬಂದು ಮೂರು ಸಲ ಕೂಗು.
ಕೂಗುವಾಗ ನನ್ನ ದನಿಯೂ ಬೇರೆ.
ಮನೆಯಲ್ಲಿ ಉಪ್ಪು ಕೇಳುವಾಗಲೂ ಒಮ್ಮೊಮ್ಮೆ
ಅದೇ ಬರುತ್ತದಂತೆ; ಹೆಂಡತಿ 'ಹಾಜರ್' ಅನ್ನುತ್ತಾಳೆ.

ಏಳನೇ ಕ್ಲಾಸಿನಲ್ಲಿ ಮೇಷ್ಟ್ರು
ಬೋರ್ಡಿನ ಮೇಲೆ ಮೂರು ಕಂಬ ಬರೆದು
ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದರು:
ಕಾನೂನು ಮಾಡುವವರು, ನಡೆಸುವವರು, ತೂಗುವವರು.
ಇಲ್ಲಿ ನೋಡಿದರೆ ಬಗರ್‌ಹುಕುಂ ಸಮಿತಿಗೆ
ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ.
ಸಭೆಗೆ ಚೌಚೌ ಬಾತು ತರುವವನು ನಾನು.
ಖಾರದ್ದು ಸಿಹಿಗೆ ತಾಗಿದೆಯೆಂದು
ಯಾರೂ ತಟ್ಟೆ ವಾಪಸು ಕಳಿಸಲಿಲ್ಲ.

ಕಳೆದ ಸೋಮವಾರ ಕೂಗಿದೆ:
ಓಬಳಮ್ಮ ಕೋಂ ಲೇಟ್ ಚಿತ್ತಯ್ಯ...
ಮೂರನೆಯ ಕೂಗಿಗೆ ಬಂದಳು,
ಸೆರಗಿನ ಗಂಟಿನಲ್ಲಿ ನಕಲು ಪಹಣಿ.
ಎಂಟು ಗುಂಟೆ, ಎರಡು ಹುಣಸೆಮರ,
ಮೈದುನನ ಮಕ್ಕಳ ಹೆಸರಿನಲ್ಲಿ ಹೋಗಿ ಕೂತುಬಿಟ್ಟಿವೆ.

ಮೇಡಂ ಕಡತ ತಿರುವಿದರು, ಹಿಂದಕ್ಕೆ, ಇನ್ನೂ ಹಿಂದಕ್ಕೆ.
ಒಂದು ಹಾಳೆಯಲ್ಲಿ ನಿಂತರು.
ಹಸಿರು ಇಂಕು. ಬಾಲ ಎಳೆದ 'ವಿ'.
ನಾಲ್ಕು ವರ್ಷದ ಕೆಳಗೆ ಪಾವಗಡದಲ್ಲಿ
ತಹಶೀಲ್ದಾರರಾಗಿದ್ದಾಗ
ಅವರೇ ಮಾಡಿದ ಸಹಿ.

ಫ್ಯಾನು ತಿರುಗುತ್ತಿತ್ತು. ವಕೀಲರು ಕೆಮ್ಮಿದರು.

'ಇದು ನನ್ನದೇ ಆದೇಶ. ನಾನು ಕೇಳುವಂತಿಲ್ಲ.
ಡಿ.ಸಿ.ಯವರಿಗೆ ಬರೆಯುತ್ತೇನೆ, ಬೇರೆಯವರಿಗೆ ವಹಿಸಲಿ.'

'ಬೇರೆಯವರಿಗ್ಯಾಕವ್ವ?' ಅಂದಳು ಓಬಳಮ್ಮ.
'ಗಂಟು ಹಾಕಿದ ಕೈಗಲ್ಲವಾ ಗೊತ್ತಿರೋದು
ಎಲ್ಲಿ ಎಳೆದರೆ ಬಿಚ್ಚುತ್ತೆ ಅಂತ?
ನೀನೇ ಬರೆದೆ, ನೀನೇ ತಿದ್ದು.
ತುಮಕೂರಿನೋರು ನನ್ನ ಮರ ನೋಡವ್ರಾ?'

ಮೇಡಮ್ಮೂ ನೋಡಿರಲಿಲ್ಲ.
ಕಡತಕ್ಕೆ ದಬ್ಬಳ ಚುಚ್ಚಿ ಹೊಲಿದವನು ನಾನು;
ಅದರಲ್ಲಿ ಸ್ಥಳ ಮಹಜರು ಇಲ್ಲ.
ಹೇಳಬಹುದಿತ್ತು. ಹೇಳಲು ನಾನು ಯಾರು.

ಅವರು ಮುಂದಿದ್ದ ಹಲಗೆಯನ್ನೇ ನೋಡುತ್ತ ಕೂತರು.
ಅಕ್ಷರವೆಲ್ಲ ಹೊರಗೆ, ನಮ್ಮ ಕಡೆಗೆ.
ಆ ಕುರ್ಚಿಗೆ ಕಾಣುವುದು ಬರಿಯ ಮರದ ಬೆನ್ನು.
ಎರಡು ಹಲಗೆಗೂ ಬೆನ್ನು ಒಂದೇ ಥರ,
ಒಂದಕ್ಕೆ ಮಾತ್ರ ಮೂಲೆಯಲ್ಲಿ ಇಲಿ ಕಚ್ಚಿದ ಗುರುತು.

'ಬರಕೊಳ್ಳಿ' ಅಂದರು ಗುಮಾಸ್ತರಿಗೆ,
ದನಿ ಸ್ವಲ್ಪ ಜಾಸ್ತಿಯೇ ಗಟ್ಟಿ.

ಒಂದೂವರೆಗೆ ಹಲಗೆ ಬದಲಿಸಿದೆ.
'ಆ ಅಜ್ಜಿ ಹೋದರಾ?'
ಮೆಟ್ಟಿಲ ಮೇಲೆ ಕೂತಿದ್ದಾರೆ ಅಂದೆ.
ಎದ್ದರು. ಬಾಗಿಲ ತನಕ ಬಂದರು.
ಹೊಸ್ತಿಲಲ್ಲಿ ಏನನ್ನೋ ನೆನೆದು
ವಾಪಸು ಹೋಗಿ ಫೋನೆತ್ತಿಕೊಂಡರು.
ಯಾವುದೋ ಚರಂಡಿ ವಿಷಯ, ಬಹಳ ಹೊತ್ತು.

ನಾನು ಹೊರಗೆ ಬಂದೆ, ಪಾವಗಡದ ಬಸ್ಸು ಎರಡಕ್ಕೆ ಅಂದೆ.
ಓಬಳಮ್ಮ ಪಹಣಿಯನ್ನು ನಾಲ್ಕು ಮಡಿಕೆ ಮಡಿಸುತ್ತ
ಒಳಗಿನ ಹಲಗೆಯನ್ನೂ ನನ್ನನ್ನೂ ನೋಡಿದಳು.
'ನೀನು ಯಾವ ಕಡೆಯವನಪ್ಪ?'

ಬಾಗಿಲ ಕಡೆಯವನು ಅಂದೆ.
ಅವಳು ನಗಲಿಲ್ಲ.
'ಹಂಗಾದ್ರೆ ಮುಂದಿನ ಸಲ
ಮೂರನೇ ಕೂಗು ಸ್ವಲ್ಪ ನಿಧಾನ ಕೂಗು,
ಮಂಡಿ ನೋವು' ಅಂದಳು.